ಬೀಗದವರ ವೆಬ್‌ಸೈಟು

ಬಸ್ಸಿಗೆ ಕಾಯುವ ಸಾಲಿನಲ್ಲಿ ನನ್ನ ಮುಂದೆ ಬೀಗ ರಿಪೇರಿಯವರು, ಸೊಂಟದಲ್ಲಿ ಕೀಲಿಗೊಂಚಲು. ಪಕ್ಕದಲ್ಲಿ ಅವರ ತಂಗಿ, ಕೈಯಲ್ಲಿ ಫೋನು.

“ಅಣ್ಣಾ, ಈ ತಿಂಗಳು ನಿನ್ನ ವೆಬ್‌ಸೈಟಿಗೆ ಮುನ್ನೂರು ಜನ ಬಂದಿದಾರೆ.”

“ಒಬ್ರೂ ಫೋನ್ ಮಾಡಿಲ್ವಲ್ಲೇ!”

“ಹೇಗೆ ಮಾಡ್ತಾರೆ? ನಂಬರ್ ನೋಡ್ಬೇಕಂದ್ರೆ ಮೊದಲು ಹೆಸರು, ವಿಳಾಸ, ಪಾಸ್‌ವರ್ಡ್ ಎಲ್ಲಾ ಕೇಳುತ್ತೆ.”

“ಭದ್ರತೆ ಬೇಡ್ವಾ? ನಮ್ಮ ಕಸುಬೇ ಅದು.”

“ಅವರು ಕೀ ಕಳ್ಕೊಂಡು ಮನೆ ಹೊರಗೆ ನಿಂತೋರು ಕಣಣ್ಣಾ. ಇಲ್ಲೂ ಬೀಗ ಜಡಿದ್ರೆ ಬೇರೆಯವರನ್ನ ಕರೀತಾರೆ ಅಷ್ಟೇ.”

ಅವರು ತಲೆ ಕೆರೆದುಕೊಂಡರು. “ಸರಿ ಮಾರಾಯ್ತಿ, ನಂಬರ್ ಮೇಲ್ಗಡೇನೇ ದೊಡ್ಡದಾಗಿ ಹಾಕ್ಬಿಡು.”

“ಈಗ್ಲೇ ಹಾಕ್ತೀನಿ. ನಿನ್ನ ಪಾಸ್‌ವರ್ಡ್ ಹೇಳು.”

ಬಸ್ಸು ಬಂತು. ಮೆಟ್ಟಿಲು ಹತ್ತುತ್ತ ಅವರು ದನಿ ತಗ್ಗಿಸಿದರೂ ನನಗೆ ಕೇಳಿಸಿತು.

“ಅದೇ ಮರ್ತುಹೋಗಿದೆ ಕಣೇ. ಹೋದ ವಾರದಿಂದ ನನ್ನನ್ನೂ ಒಳಗೆ ಬಿಡ್ತಿಲ್ಲ.”