ಬೂದಿ ತಿನ್ನುತ್ತಿದ್ದದ್ದು

...ಮುಂದಿನದನ್ನಲ್ಲ, ಹಿಂದಿನದನ್ನ ನೋಡು ಅಂತಿದೀನಿ. ತಿರುಗಿಸು ಪ್ಯಾಕೆಟ್ಟನ್ನ. ಮುಂದೆ ಇರೋದೆಲ್ಲ ಬರೀ ಶೃಂಗಾರ. ಬೆಳ್ಳಗೆ ಹೊಳೆಯೋ ಬೆಕ್ಕು, ಪಕ್ಕದಲ್ಲೊಂದು ಮೀನು, ಎರಡು ಕ್ಯಾರೆಟ್ಟು. ಆ ಕ್ಯಾರೆಟ್ಟು ಬೆಕ್ಕಿಗಲ್ಲ ಪಾಪು, ಕೊಳ್ಳೋ ನಮಗೆ. ಕ್ಯಾರೆಟ್ ತಿಂದು ನಮ್ಮ ಮೈ ಎ ವಿಟಮಿನ್ ಮಾಡ್ಕೊಳ್ಳುತ್ತೆ. ಬೆಕ್ಕಿನ ಮೈಗೆ ಆ ವಿದ್ಯೆ ಬರಲ್ಲ. ಸಿದ್ಧವಾಗಿರೋದನ್ನೇ ಕೊಡಬೇಕು ಅದಕ್ಕೆ. ಹ್ಞಾಂ, ಅದೇ, ಆ ಸಣ್ಣಕ್ಷರ. ಕಿಟಕಿ ಕಡೆಗೆ ಹಿಡ್ಕೊ, ಕಾಣುತ್ತೆ.

ಕೂತ್ಕೊಂಡು ನೋಡಬಾರದಾ? ಡಾಕ್ಟರ ಹತ್ರದಿಂದ ಬಂದಾಗಿನಿಂದ ನಿಂತೇ ಇದೀಯ. ಚಪ್ಪಲೀನೂ ಬಿಟ್ಟಿಲ್ಲ, ಅಡುಗೆಮನೆ ಒಳಗೆ. ಇರಲಿ ಬಿಡು, ಆಮೇಲೆ ಒರೆಸ್ಕೋತೀನಿ. ಬೂದಿನ ಬುಟ್ಟಿಯಿಂದ ಇಳಿಸು, ಸ್ವಲ್ಪ ಓಡಾಡಲಿ. ಬೇಡವಾ? ಸರಿ. ನಿನ್ನ ಬೆಕ್ಕು, ನಿನ್ನ ಇಷ್ಟ.

ಏನು ತಿನ್ನಿಸ್ತೀರಿ ಅಂತ ಡಾಕ್ಟರು ಕೇಳಿದ್ರು, ನನಗೆ ಗೊತ್ತಿಲ್ಲ, ಅಕ್ಕ ಹಾಕೋದು ಅಂದೆ ಅಂದ್ಯಲ್ಲ, ಅದಕ್ಕೇ ಹೇಳ್ತಿರೋದು. ಕಾರ್ಖಾನೆ ಲ್ಯಾಬಿನಲ್ಲಿ ಕೋಳಿ ಕಾಳು, ನಾಯಿ ಕಾಳು, ಬೆಕ್ಕಿನ ಕಾಳು ಅಂತ ಪುಡಿ ಮಾಡಿ, ಸುಟ್ಟು, ತೂಗಿ ನೋಡೋದೇ ನನ್ನ ಕೆಲಸ. ಆ ವಾಸನೆಯಲ್ಲೇ ನಿನ್ನ ಸಾಕಿದ್ದು ನಾನು. ಸ್ಕೂಲಿನಲ್ಲಿ ನಿನ್ನ ಪಕ್ಕ ಯಾರೂ ಕೂರಲ್ಲ, ನಿನ್ನ ಸ್ವೆಟರ್ ಮೀನು ನಾರುತ್ತೆ ಅಂತಾರೆ ಅಂತ ಅತ್ತಿದ್ದೆ, ನೆನಪಿದೆಯಾ? ಬೂದಿ ಮಾತ್ರ ಬಂದ ದಿನವೇ ನನ್ನ ಸೆರಗಿನೊಳಗೆ ಮೂತಿ ತೂರಿಸಿ ಮಲಗಿತ್ತು. ಪಕ್ಕದ ಮನೆ ಕಾರಿನ ಎಂಜಿನ್ ಒಳಗಿಂದ ಅದನ್ನ ತೆಗೆದವಳು ನೀನು, ಕೈ ಸುಟ್ಕೊಂಡವಳು ನೀನು. ಅದು ಬಂದು ಮಲಗಿದ್ದು ನನ್ನ ಹತ್ರ.

ಸರಿ, ಸರಿ, ವಿಷಯಕ್ಕೆ ಬರ್ತೀನಿ.

ಯಾವುದು ಹೆಚ್ಚು ತೂಕವೋ ಅದನ್ನ ಮೊದಲು ಬರೀಬೇಕು, ಅದು ನಿಯಮ. ಇದರಲ್ಲಿ ಮೊದಲು ಏನಿದೆ, ಓದು. ಕೋಳಿ ಮಾಂಸದ ಪುಡಿ. ಒಳ್ಳೇದು. ಬರೀ ಕೋಳಿ ಅಂತ ಬರೆದಿದ್ರೆ ಜನ ಇನ್ನೂ ಹಿಗ್ತಾರೆ, ಆದ್ರೆ ಹಸಿ ಕೋಳಿಯಲ್ಲಿ ಮುಕ್ಕಾಲು ಪಾಲು ನೀರು ಕಣೆ. ತೂಗೋವಾಗ ಜಟ್ಟಿ, ಒಣಗಿದ ಮೇಲೆ ನರಪೇತಲ. ಪುಡಿ ಅಂದ್ರೆ ಮೊದಲೇ ನೀರು ಕಳ್ಕೊಂಡಿರೋದು, ಅದರ ತೂಕ ನಂಬಬಹುದು. ಆಮೇಲೆ ಮೆಕ್ಕೆಜೋಳದ ಆಟ ನೋಡಬೇಕು. ಕೆಲವರು ಏನ್ಮಾಡ್ತಾರೆ, ಜೋಳ, ಜೋಳದ ಹಿಟ್ಟು, ಜೋಳದ ಅಂಟು ಅಂದ್ರೆ ಗ್ಲುಟೆನ್ ಅಂತ ಬೇರೆ ಬೇರೆ ಬರೀತಾರೆ. ಒಬ್ಬನೇ ಕಳ್ಳ ಮೂರು ಅಂಗಿ ಬದಲಾಯಿಸಿ ಬಂದ ಹಾಗೆ. ಮೂರನ್ನೂ ಕೂಡಿಸಿದ್ರೆ ಕೋಳಿಗಿಂತ ಜೋಳವೇ ಜಾಸ್ತಿ. ಪ್ರೋಟೀನ್ ಇಷ್ಟು ಪರ್ಸೆಂಟ್ ಅಂತ ದಪ್ಪಕ್ಷರದಲ್ಲಿ ಇರುತ್ತೆ, ಅದು ಕೋಳಿಯಿಂದ ಬಂತಾ ಜೋಳದ ಅಂಟಿನಿಂದ ಬಂತಾ, ಯಾರು ಕೇಳ್ತಾರೆ? ಬೆಕ್ಕಂತೂ ಕೇಳಲ್ಲ. ಅದಕ್ಕೆ ಮಾಂಸವೇ ಬೇಕು, ಆದ್ರೆ ಮೇಲೆ ಒಂದಿಷ್ಟು ಕೋಳಿ ಕೊಬ್ಬು ಸವರಿಬಿಟ್ರೆ ರಟ್ಟಿನ ಚೂರನ್ನ ಹಾಕಿದ್ರೂ ಕುರುಕುತ್ತೆ. ನಾವೇ ಸವರ್ತೀವಲ್ಲ, ಕೊನೇ ಯಂತ್ರದಲ್ಲಿ. ಪಾಪದ ಪ್ರಾಣಿ. ವಾಸನೆ ನಂಬಿ ಬದುಕುತ್ತೆ.

ಇಲ್ಲಿ ನೋಡು, ಬೂದಿ ಅಂಶ. ಸುಟ್ಟ ಮೇಲೆ ಉಳಿಯೋ ಖನಿಜ ಅಷ್ಟೆ. ಮೊದಲ ಸಲ ಇದನ್ನ ಓದಿ ನೀನು, ಅಕ್ಕಾ, ನಮ್ಮ ಬೂದಿನ ಇದರೊಳಗೆ ಹಾಕಿದಾರೆ ಅಂತ ಬಿದ್ದು ಬಿದ್ದು ನಕ್ಕಿದ್ದೆ. ಈಗ ನಗಲ್ಲ ನೀನು. ಆ ದೂರದ ಊರಿನ ಕೆಲಸದ ಕಾಗದ ಬಂದಾಗಿನಿಂದ ನಗೋದೇ ಬಿಟ್ಟಿದೀಯ ನನ್ನ ಜೊತೆ.

ಏನು? ಹ್ಞಾಂ, ಟಾರಿನ್. ಇದೆ, ಕೊನೇ ಸಾಲಿನ ಹತ್ರ. ಡಾಕ್ಟರು ಅದನ್ನೇ ಕೇಳಿದ್ರಾ? ಹುಷಾರಿದಾರೆ ನಿಮ್ಮ ಡಾಕ್ಟರು. ಬೆಕ್ಕಿನ ಊಟದಲ್ಲಿ ಅದೇ ಜೀವಾಳ. ನಾಯಿ ಮೈ ಅದನ್ನ ತಾನೇ ಮಾಡ್ಕೊಳ್ಳುತ್ತೆ, ಬೆಕ್ಕಿನ ಮೈಗೆ ಸಾಲುವಷ್ಟು ಮಾಡ್ಕೊಳ್ಳೋಕೆ ಆಗಲ್ಲ, ಹೊರಗಿಂದಲೇ ಬರಬೇಕು. ಬರದೇ ಇದ್ರೆ ಮೊದಮೊದಲು ಏನೂ ಗೊತ್ತಾಗಲ್ಲ. ತಟ್ಟೆ ಖಾಲಿ ಮಾಡ್ತಾನೇ ಇರುತ್ತೆ. ಹೊಟ್ಟೆ ತುಂಬಿರುತ್ತೆ, ಮೈಮೇಲೆ ಕೂದಲು ಹೊಳೀತಿರುತ್ತೆ, ಯಾರು ನೋಡಿದ್ರೂ ಚೆನ್ನಾಗಿ ಸಾಕಿದಾರೆ ಅನ್ನಬೇಕು. ತಿಂಗಳುಗಟ್ಟಲೆ ಹಾಗೇ. ಒಳಗೊಳಗೇ ಕಣ್ಣಿನ ಹಿಂದಿನ ಪರದೆ ಸವೀತಾ ಹೋಗುತ್ತೆ. ಹೃದಯ ಸಡಿಲ ಚೀಲದ ಹಾಗೆ ಹಿಗ್ಗುತ್ತೆ. ಆಮೇಲೆ ಒಂದು ದಿನ ಕಿಟಕಿಗೆ ಹಾರೋಕೆ ಹೋಗಿ ಗೋಡೆಗೆ...

ಯಾಕೆ ಹಾಗೆ ನೋಡ್ತೀಯ? ನೀನೇ ತಾನೇ ಕೇಳಿದ್ದು. ಓದಿರೋದನ್ನ ಹೇಳ್ದೆ.

ಬೂದಿಯ ಹೃದಯ ಸರಿಹೋಗಬಹುದು ಅಂದ್ರಾ ಡಾಕ್ಟರು? ನೋಡು ಮತ್ತೆ. ಔಷಧಿ ಹಾಕೋಣ, ನಾನೇ ಹಾಕ್ತೀನಿ. ಕಣ್ಣು ಬರಲ್ಲ, ಅದು ನನಗೂ ಗೊತ್ತು. ಆದ್ರೂ ಪಾಪು, ಕಣ್ಣಿಲ್ಲದ ಬೆಕ್ಕು ತನ್ನ ಮನೆಯಲ್ಲಿ ಸುಖವಾಗೇ ಇರುತ್ತೆ. ಈ ಕುರ್ಚಿ ಎಲ್ಲಿದೆ, ನೀರಿನ ಬಟ್ಟಲು ಎಲ್ಲಿದೆ, ಅಕ್ಕನ ಕಾಲು ಎಲ್ಲಿದೆ, ಎಲ್ಲ ಅದಕ್ಕೆ ಬಾಯಿಪಾಠ. ನಾವು ಏನನ್ನೂ ಅತ್ತಿತ್ತ ಸರಿಸದೇ ಇದ್ರೆ ಸಾಕು. ಹೊಸ ಮನೆಗೆ ಮಾತ್ರ ಕರ್ಕೊಂಡು ಹೋಗೋ ಹಾಗಿಲ್ಲ, ಅಷ್ಟೆ. ಬಸ್ಸು, ಸದ್ದು, ಗೊತ್ತಿಲ್ಲದ ಮೆಟ್ಟಿಲು... ಎದೆ ಒಡ್ಕೊಂಡು ಸಾಯುತ್ತೆ. ಅದಕ್ಕೇ ಈ ಸಲವೂ ಬರೋಕಾಗಲ್ಲ ಅಂತ ಆ ಕೆಲಸ ಕೊಟ್ಟವರಿಗೆ ಹೇಳಿಬಿಡು. ನಾಟಕದವರ ಬಟ್ಟೆ ಹೊಲಿಯೋ ಕೆಲಸ ತಾನೇ, ಇಲ್ಲೂ ಹೊಲೀಬಹುದು. ಮುಂದಿನ ರೂಮು ಖಾಲಿ ಮಾಡಿಕೊಡ್ತೀನಿ, ದೊಡ್ಡ ಮೇಜು ಹಾಕ್ಸೋಣ.

ಹಠ ಮಾಡಬೇಡ. ನಿನ್ನ ಮೈಯೂ ಎಲ್ಲಿ ಗಟ್ಟಿ ಇದೆ? ಹೋದ ಸಲ ಏನಾಯ್ತು? ತಲೆ ಬಾಚಿ, ಪೆಟ್ಟಿಗೆ ಬಾಗಿಲ ಹತ್ರ ಇಟ್ಟು, ಇನ್ನೇನು ಹೊರಡಬೇಕು ಅನ್ನೋವಾಗ ಹಾಲು ಕುಡಿದು ಕುರ್ಚಿಯಲ್ಲಿ ಒರಗಿದವಳು ಸಂಜೆವರೆಗೂ ಏಳಲಿಲ್ಲ. ಬಸ್ಸು ಹೋಯ್ತು, ಕೆಲಸವೂ ಮುಂದಕ್ಕೆ ಹೋಯ್ತು. ನಾನು ಪಕ್ಕದಲ್ಲೇ ಕೂತಿದ್ದೆ, ಹಣೆ ಮುಟ್ಟಿ ಮುಟ್ಟಿ ನೋಡ್ತಾ. ಒಬ್ಬಳೇ ಇದ್ದಾಗ ಹಾಗಾದ್ರೆ ಯಾರು ನೋಡ್ತಾರೆ ನಿನ್ನ?

ಏನು ಹುಡುಕ್ತಿದೀಯ? ಡಬ್ಬಿನಾ? ಮೇಲಿನ ಗೂಡಲ್ಲಿದೆ. ತಡಿ, ನಾನು ತೆಗೆದುಕೊಡ್ತೀನಿ, ಬೀಳಿಸ್ತೀಯ... ತೆಗ್ದೇಬಿಟ್ಯಾ. ಅದರಲ್ಲೇನು ನೋಡೋದು? ಪ್ಯಾಕೆಟ್ಟಿನದನ್ನೇ ಡಬ್ಬಿಗೆ ಸುರೀತೀನಿ, ಇರುವೆ ಬರುತ್ತೆ ಅಂತ. ಡಾಕ್ಟರು ಸ್ವಲ್ಪ ತಂದು ತೋರಿಸಿ ಅಂದ್ರಾ? ಪ್ಯಾಕೆಟ್ಟಿನಿಂದ ತಗೊಂಡು ಹೋಗು, ಅದೇ ಇದೂ. ಕತ್ತರಿಸು, ಪರವಾಗಿಲ್ಲ, ಹೊಸದು.

ತಟ್ಟೆಗೆ ಯಾಕೆ ಹಾಕ್ತಿದೀಯ ಎರಡನ್ನೂ?

ತಳದಲ್ಲಿರೋದು ಪುಡಿಯಾಗುತ್ತೆ. ಸಾಗಿಸೋವಾಗ ಒಂದರ ಮೇಲೊಂದು ಮೂಟೆ ಹಾಕ್ತಾರೆ, ಅದಕ್ಕೇ ಚೂರು ಚೂರು. ಬಣ್ಣನಾ? ಹಳೇದಾದ್ರೆ ಬಣ್ಣ ಕಪ್ಪಾಗುತ್ತೆ. ಮೂಸಬೇಡವೇ, ಅದನ್ನೇನು ಮೂಸ್ತೀಯ. ಬೇರೆ ಬೇರೆ ಸಲ ತಯಾರಾದದ್ದು ಬೇರೆ ಬೇರೆ ವಾಸನೆ ಇರುತ್ತೆ.

ಇಲ್ಲ. ದಪ್ಪ ಅಂದ್ರೆ ಏನು... ಆ ಚೂರು ಮೊದಲು ದಪ್ಪ ಇತ್ತು ಅಂತ ನಿನಗೆ ಹೇಗೆ ಗೊತ್ತು? ಹೌದು, ಒಂದು ಅಂಚು ಗುಂಡಗಿದೆ, ಪ್ಯಾಕೆಟ್ಟಿನ ಕಾಳಿನ ಅಂಚಿಗೆ ಅದು ಹೊಂದಲ್ಲ, ಬಟ್ಟೆ ಕತ್ತರಿಸೋ ಕಣ್ಣು ನಿನ್ನದು, ಒಪ್ಕೊಂಡೆ. ಅದರಲ್ಲೇನಿದೆ ತಪ್ಪು? ಕೆಟ್ಟದ್ದೇನೂ ಅಲ್ಲವಲ್ಲ. ಒಳ್ಳೇ ಮಾಲು, ನಾನೇ ಪರೀಕ್ಷೆ ಮಾಡಿದ್ದು. ದೊಡ್ಡ ಜಾತಿ ನಾಯಿಗೆ ಅಂತ ಮಾಡೋ ಕಾಳು ಅದರ ಪುಟ್ಟ ಬಾಯಿಗೆ ಹಿಡಿಸಲ್ಲ ಅಂತ ಕೂತ್ಕೊಂಡು ಒಂದೊಂದೇ ಕುಟ್ಟಿ...

...

ಕುಟ್ಟಿ ಹಾಕ್ತಿದ್ದೆ. ಹೌದು.

ಆ ತಟ್ಟೆ ಕೆಳಗಿಡು, ಬೇಕಾದ್ರೆ ಬೈ.

ಸ್ವಲ್ಪ ದಿನ ಅಂದ್ಕೊಂಡಿದ್ದೆ ಪಾಪು. ನೀನು ಅಲ್ಲಿಗೆ ಅರ್ಜಿ ಹಾಕಿದೀನಿ, ಬೂದಿನೂ ಕರ್ಕೊಂಡು ಹೋಗ್ತೀನಿ ಅಂದ್ಯಲ್ಲ, ಈ ಜಾಗದಲ್ಲೇ ನಿಂತ್ಕೊಂಡು, ಪಾತ್ರೆ ಒರೆಸ್ತಾ. ಎಷ್ಟು ಸುಲಭವಾಗಿ ಅಂದೆ. ನೀನೂ ಬಾ ಅನ್ನಲಿಲ್ಲ. ಬಾಯಿಮಾತಿಗೂ ಅನ್ನಲಿಲ್ಲ. ಬೆಕ್ಕನ್ನ ಕರೆದೆ. ಅದು ಸ್ವಲ್ಪ ಸುಸ್ತಾದ್ರೆ ನೀನು ನಿಲ್ತೀಯ ಅನ್ನಿಸ್ತು. ನೀನು ಹೋಗಲ್ಲ ಅಂದ ದಿನವೇ ಡಬ್ಬಿ ಖಾಲಿ ಮಾಡಿ ಒಳ್ಳೇದು ಹಾಕಬೇಕು ಅಂತ ಇದ್ದೆ. ನೀನು ಅನ್ನಲೇ ಇಲ್ಲವಲ್ಲ. ದಿನಾ ಬೆಳಿಗ್ಗೆ ತಟ್ಟೆ ಹಿಡ್ಕೊಂಡು ಕಾಯ್ತಿದ್ದೆ, ಇವತ್ತು ಅಂತಾಳೆ, ಇವತ್ತು ಅಂತಾಳೆ ಅಂತ. ನೀನು ಫೋನಿನಲ್ಲಿ ಅಲ್ಲಿಯ ಮನೆ ಬಾಡಿಗೆಗೆ ಮಾತಾಡ್ತಿದ್ದೆ.

ಕಣ್ಣಿಗೆ ಹೋಗುತ್ತೆ ಅಂತ ಗೊತ್ತಿರಲಿಲ್ಲ ಅನ್ನಲ್ಲ ನಾನು. ಈಗ ತಾನೇ ನಿನಗೆ ಪಾಠ ಮಾಡಿದೀನಿ, ಹೇಗೆ ಅನ್ನಲಿ. ಅದು ಮೊದಲ ಸಲ ಬಾಗಿಲಿಗೆ ಮುಖ ಹೊಡ್ಕೊಂಡಾಗ ನಾನು ಇಲ್ಲೇ ಇದ್ದೆ. ಎತ್ಕೊಂಡೆ. ನನ್ನ ಮುಖದ ಹತ್ರ ಮೂಗು ತಂದು ಮೂಸಿ, ನಾನೇ ಅಂತ ಗೊತ್ತಾದ ಮೇಲೆ ಗುರ್ ಅಂತ ಶುರು ಮಾಡಿತು. ಅವತ್ತೇ ನಿಲ್ಲಿಸಬೇಕಿತ್ತು. ಆದ್ರೆ ನೀನು ಅವತ್ತು ಸಂಜೆ ಬಂದು ಅದನ್ನ ತೊಡೆ ಮೇಲೆ ಹಾಕ್ಕೊಂಡು ನನ್ನ ಪಕ್ಕದಲ್ಲಿ ಕೂತೆ. ಅಕ್ಕಾ, ಏನು ಮಾಡೋಣ ಅಂದೆ. ಎಷ್ಟು ಕಾಲ ಆಗಿತ್ತು ನೀನು ನನ್ನ ಹಾಗೆ ಕೇಳಿ.

ಅಮ್ಮ ಹೋದಾಗ ನಿನ್ನ ಬಾಯಲ್ಲಿ ಇನ್ನೂ ಹಾಲುಹಲ್ಲು. ಯಾರ್ಯಾರೋ ಬಂದು ಮಗುನ ನಮಗೆ ಕೊಡು, ನೀನು ಮದುವೆ ಮಾಡ್ಕೊ ಅಂದ್ರು. ಕೊಡಲಿಲ್ಲ. ಇದನ್ನ ಲೆಕ್ಕ ಹಾಕಿ ಹೇಳ್ತಿಲ್ಲ. ನನಗೆ ನಿನ್ನ ಬಿಟ್ರೆ ಬೇರೆ ಏನನ್ನ ಮಾಡೋಕೂ ಬರಲ್ಲ, ಅದನ್ನ ಹೇಳ್ತಿದೀನಿ. ಈ ಮನೆಯಲ್ಲಿ ಒಂದು ತಟ್ಟೆ ಇಟ್ಕೊಂಡು ಕೂತು ಹೇಗೆ ಉಣ್ಣಬೇಕು, ಹೇಳಿಕೊಡು.

ಎಲ್ಲಿಗೆ? ಒಳಗೆ ಯಾಕೆ ಹೋದೆ... ಪೆಟ್ಟಿಗೆನಾ. ಇವತ್ತೇನಾ? ಇವತ್ತು ಬಸ್ಸು ಎಲ್ಲಿದೆ ನಿನಗೆ. ಬೂದಿನಾದ್ರೂ ಬಿಟ್ಟು ಹೋಗು, ಅದಕ್ಕೆ ನನ್ನ ವಾಸನೆ ಇಲ್ಲದೆ ನಿದ್ದೆ ಬರಲ್ಲ, ನೋಡು, ಈಗಲೂ ಬುಟ್ಟಿಯೊಳಗಿಂದ ನನ್ನ ಕಡೆಗೇ ಮುಖ ತಿರುಗಿಸಿದೆ... ಮುಟ್ಟಲ್ಲ. ಮುಟ್ಟಲ್ಲಮ್ಮ. ಕೈ ಹಿಂದಕ್ಕೆ ತಗೊಂಡೆ, ಆಯ್ತಾ?

ಸರಿ, ಹೋಗು. ಬೇಡ ಅನ್ನಲ್ಲ. ಅಲ್ಲಿ ಹೋದ ಮೇಲೆ ಪ್ಯಾಕೆಟ್ಟಿನ ಹಿಂದೆ ಓದಿ ತಗೊ. ಬೆಕ್ಕಿಗೆ ಸಂಪೂರ್ಣ ಆಹಾರ ಅಂತ ಇರಬೇಕು, ಬರೀ ತಿನಿಸು ಅಂತಿದ್ರೆ ಮುಟ್ಟಬೇಡ. ಒಣ ಕಾಳು ತಿನ್ನೋ ಬೆಕ್ಕಿಗೆ ನೀರು ಮೂರ್ನಾಲ್ಕು ಕಡೆ ಇಡು. ಕಣ್ಣು ಕಾಣದ್ದಕ್ಕೆ ಬಟ್ಟಲು ದಿನಾ ಒಂದೇ ಜಾಗದಲ್ಲಿ ಇರಬೇಕು...

ನಿಲ್ಲು. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿಲ್ಲ ನಿನಗೆ. ದೂರದ ದಾರಿ. ಹಾಲು ಬಿಸಿ ಇದೆ, ಒಂದು ಲೋಟ ಕುಡಿದು ಹೊರಡು. ತಗೊ. ಸಕ್ಕರೆನೂ ಹಾಕಿದೀನಿ, ನಿನ್ನಿಷ್ಟದ ಹಾಗೆ. ನಿಂತೇ ಕುಡಿ, ಪರವಾಗಿಲ್ಲ, ಕೂತ್ಕೊ ಅನ್ನಲ್ಲ.

ಪಾಪು?

ಯಾಕೆ ಲೋಟನ ಹಾಗೆ ನೋಡ್ತಿದೀಯ?

ಯಾಕೆ ಕೆಳಗಿಟ್ಟೆ... ಯಾಕೆ ಆ ಕುರ್ಚಿ ನೋಡ್ತೀಯ, ಅದರಲ್ಲೇನಿದೆ, ಅವತ್ತು ನಿನಗೆ ಸುಸ್ತಾಗಿತ್ತು, ಹಿಂದಿನ ದಿನವೆಲ್ಲ ಬಟ್ಟೆ ಮಡಚಿದ್ದೆ, ಅದಕ್ಕೇ ಅಷ್ಟು ಹೊತ್ತು... ಇದು ಬರೀ ಹಾಲು. ನನ್ನ ಮೇಲೆ ಆಣೆ, ಬರೀ ಹಾಲು. ಬೇಕಾದ್ರೆ ನಾನೇ ಒಂದು ಗುಟುಕು ಕುಡಿದು ತೋರಿಸ್ತೀನಿ.

ಕುಡಿಯೇ. ಇವತ್ತು ಏನೂ ಹಾಕಿಲ್ಲ.