ನಾಲ್ಕು ಬೆರಳು ದೂರದ ತೀರ್ಥ

ನಡುವಿನ ದೊಡ್ಡ ಕುರ್ಚಿಯನ್ನು ಅಲಂಕರಿಸಿರುವ ನಮ್ಮ ದೇವಸ್ಥಾನದ ಆಡಳಿತ ಸಮಿತಿಯ ಅಧ್ಯಕ್ಷರಾದ ಈಶ್ವರಪ್ರಸಾದರೇ, ಕಾರಡ್ಕದಿಂದ ಬಂದು ಆಗಿನಿಂದ ವಾಚು ನೋಡಿಕೊಳ್ಳುತ್ತಿರುವ ಮುಖ್ಯ ಅತಿಥಿಗಳೇ, ಸಾಂಬಾರಿನ ಪರಿಮಳ ಬರುವ ಬಾಗಿಲಿನ ಕಡೆಗೇ ಮುಖ ಮಾಡಿ ಕುಳಿತ ಸಭಿಕರೇ,

ನಾನು ಮಹಾಗಣಪತಿ ಭಟ್ಟ. ಈ ಗುಡಿಯಲ್ಲಿ ಪೂಜೆ ಮಾಡುವವ. ಇವತ್ತು ಸನ್ಮಾನ ಇರುವುದು ನನ್ನ ಮೊಮ್ಮಗಳು ರಮ್ಯಶ್ರೀಗೆ. ಪ್ಲಸ್ ವನ್ ಓದುವ ಈ ಹುಡುಗಿ, ಕೈ ಚಾಚಿದರೆ ತನ್ನಷ್ಟಕ್ಕೆ ತೀರ್ಥ ಕೊಡುವ ಯಂತ್ರ ಮಾಡಿದ್ದಾಳೆ. ಉಪಜಿಲ್ಲಾ ವಿಜ್ಞಾನ ಮೇಳದಲ್ಲಿ ಎ ಗ್ರೇಡ್ ಬಂದಿದೆ. ಅಭಿನಂದನೆಯ ಮಾತು ನಾನೇ ಆಡಬೇಕಂತೆ. ಕೋಳಿಯನ್ನು ಕೇಳಿ ಮಸಾಲೆ ಅರೆಯುವುದುಂಟಾ ಎಂದು ಗಾದೆ ಉಂಟು. ಭಟ್ಟನ ಬಾಯಲ್ಲಿ ಬರಬಾರದ ಗಾದೆ, ಬಂತು. ನಮ್ಮ ಸಮಿತಿಯವರು ಕೋಳಿಯ ಕೈಯಲ್ಲೇ ಮಸಾಲೆ ಅರೆಸುತ್ತಾರೆ.

ಆದರೆ ಸನ್ಮಾನದ ಕುರ್ಚಿ ಖಾಲಿ ಉಂಟು, ನೋಡಿದಿರಲ್ಲ? ಶಾಲು ಮಾತ್ರ ಕುಳಿತಿದೆ. ಹುಡುಗಿ ಕೆಳಗೆ ಬಾಗಿಲ ಹತ್ತಿರ ಯಂತ್ರದ ಪಕ್ಕದಲ್ಲಿ ಕೈ ಕಟ್ಟಿ ನಿಂತಿದ್ದಾಳೆ. ಆ ಬಾಗಿಲ ಹೊರಗೆ ನಿಂತ ನಮ್ಮ ಕುಂಞನ ಕೈಗೆ ಯಂತ್ರದಿಂದ ತೀರ್ಥ ಬೀಳದೆ ತಾನು ಮೇಲೆ ಹತ್ತುವುದಿಲ್ಲವಂತೆ. ಇವತ್ತೂ ಸರಿಯಾಗದಿದ್ದರೆ ಯಂತ್ರ ಉಗ್ರಾಣಕ್ಕೆ ಎಂದು ಸಮಿತಿಯವರ ತೀರ್ಮಾನ. ಎರಡೂ ಕಡೆಯವರು ಹಟವಾದಿಗಳು. ನಡುವೆ ಮೈಕ್ ಹಿಡಿದು ನಿಂತ ಪಾಪದ ಪ್ರಾಣಿ ನಾನು.

ಈ ಯಂತ್ರ ಒಂದೇ ದಿನಕ್ಕೆ ಹುಟ್ಟಿದ್ದಲ್ಲ. ಮೊದಲು ನಮ್ಮ ಮನೆಯ ರೇಡಿಯೋ ಅಂಗಾಂಗ ದಾನ ಮಾಡಿತು. ಆಮೇಲೆ ನನ್ನ ಟಾರ್ಚು. ಆಮೇಲೆ ಕಪ್ಪು ಗೆರೆ ಹಿಡಿದು ಓಡುವ ಒಂದು ಕಾರು ಮಾಡಿದಳು. ಅದು ನೆಲದ ಗೆರೆ ಬಿಟ್ಟು ನನ್ನ ಪಂಚೆಯ ಅಂಚು ಹಿಡಿದು ಬಂತು. ದೇವರ ಕೋಣೆಯವರೆಗೆ ಬಂತು ಮಾರಾಯ್ರೇ! ಇಷ್ಟು ಭಕ್ತಿಯಿಂದ ನನ್ನ ಹಿಂದೆ ಯಾವ ಮನುಷ್ಯನೂ ಬಂದದ್ದಿಲ್ಲ.

ಇನ್ನು ಅವಳ ಗೇಮಿನ ವಿಷಯ. ನಾನು ಸಂಧ್ಯಾವಂದನೆಗೆ ಕುಳಿತರೆ ಪಕ್ಕದ ಕೋಣೆಯಲ್ಲಿ ಯುದ್ಧ ಶುರು. ಕಿವಿಗೆ ಹೆಡ್‌ಫೋನು. ಜೊತೆಗೆ ಕುಂಞನ ಮೊಮ್ಮಗಳು ನಿಶ್ಮಿತಾ, ಅವಳು ಅವಳ ಮನೆಯಲ್ಲಿ, ಇವಳು ಇವಳ ಮನೆಯಲ್ಲಿ. "ನಿಶ್ಮಿ, ನೀನು ಬಿದ್ದಲ್ಲೇ ಇರು, ನಾನು ಬಂದೆ, ಬಂದೆ!" ಎಂದು ಬೊಬ್ಬೆ. ನನಗೆ ಗಾಯತ್ರಿಯ ಲೆಕ್ಕ ತಪ್ಪುವುದು. ಬಿದ್ದವಳನ್ನು ಅಲ್ಲಿಂದಲೇ ಏಳಿಸಬಾರದಾ, ಗುಂಡು ಹಾರುವಲ್ಲಿಗೆ ಎಂತಕ್ಕೆ ಓಡುವುದು ಎಂದು ಒಮ್ಮೆ ಕೇಳಿದೆ. "ಆಗುವುದಿಲ್ಲ ಅಜ್ಜ, ಹತ್ತಿರ ಹೋಗಿ ನಿಂತರೆ ಮಾತ್ರ ಏಳುವುದು" ಎಂದಳು. ಎಂತ ಆಟವೋ, ಎಂತ ನಿಯಮವೋ! ಓದುವ ಮಕ್ಕಳು ಕಲಿಯಬೇಕಾದ್ದೇ ಇದು ಅಲ್ಲವೇ?

ಇರಲಿ. ಯಂತ್ರಕ್ಕೆ ಬರೋಣ. ಒಳಗೆ ಮೀನಿನ ತೊಟ್ಟಿಗೆ ಹಾಕುವ ಸಣ್ಣ ಪಂಪು, ಹೊಸದೇ, ಸಂಶಯ ಬೇಡ. ಎದುರಿಗೆ ಕಪ್ಪೆಯ ಕಣ್ಣಿನ ಹಾಗೆ ಎರಡು ಉರುಟು ಸೆನ್ಸರ್. ನಾಲ್ಕು ಬೆರಳು ದೂರಕ್ಕೆ ಕೈ ಬಂದರೆ ಹಸಿರು ದೀಪ ಹತ್ತುತ್ತದೆ, ತೀರ್ಥ ಬೀಳುತ್ತದೆ. ಕಳೆದ ಸಂಕ್ರಮಣಕ್ಕೆ ಗುಡಿಯ ಎದುರಿನ ನಡೆಯಲ್ಲಿ ಇಟ್ಟೆವು. ಅಧ್ಯಕ್ಷರು ಕೈ ಹಿಡಿದರು, ಬಂತು. ಕಾರ್ಯದರ್ಶಿ ಕೈ ಹಿಡಿದರು, ಬಂತು. ಸಮಿತಿಯ ಸದಸ್ಯರು ಎರಡೆರಡು ಸಲ ಕುಡಿದರು. ಚಪ್ಪಾಳೆ, ಫೋಟೋ, ಎಲ್ಲ ಆಯಿತು.

ಆಮೇಲೆ ಸಾಲಿನ ಹಿಂದಿನವರು ಬಂದರು. ಕುಂಞ ಕೈ ಹಿಡಿದ, ಬರಲಿಲ್ಲ. ಅವನ ಹೆಂಡತಿ ಹಿಡಿದಳು, ಬರಲಿಲ್ಲ. ಅವರ ಹಿಂದೆ ನಿಂತ ಯಾರಿಗೂ ಒಂದು ಹನಿಯೂ ಬರಲಿಲ್ಲ. "ಮೆಷಿನ್ ಹಾಳು" ಎಂದರು ಅಧ್ಯಕ್ಷರು. "ಮಕ್ಕಳ ಆಟದ ಸಾಮಾನು" ಎಂದರು ಕಾರ್ಯದರ್ಶಿ. ಹುಡುಗಿಯ ಮುಖ ಬಾಡಿತು. ಮನೆಗೆ ತಂದು ತಂತಿ ತಂತಿ ಬಿಚ್ಚಿ ಕಟ್ಟಿದಳು. ಅನ್ನ ಬೇಡ, ಗೇಮೂ ಬೇಡ. ಗೇಮ್ ಬೇಡ ಎಂದಾಗ ನನಗೆ ನಿಜಕ್ಕೂ ಹೆದರಿಕೆ ಆಯಿತು.

ಕೊನೆಗೆ ನನ್ನ ಮುಂದೆ ಬಂದು ನಿಂತಳು. "ಅಜ್ಜ, ಮೆಷಿನ್ ಸರಿ ಉಂಟು. ಅವರು ಕೈಯನ್ನೇ ಹತ್ತಿರ ತರುವುದಿಲ್ಲ. ಒಂದು ಮೊಳ ದೂರ ಹಿಡಿಯುತ್ತಾರೆ. ಎಂತಕ್ಕೆ?"

ನೋಡಿ, ಇವತ್ತಿನ ಮಕ್ಕಳಿಗೆ ಸಂಪ್ರದಾಯದ ಜ್ಞಾನವೇ ಇಲ್ಲ. ತೀರ್ಥ ಕೊಡುವುದೆಂದರೆ ಸುಮ್ಮನೆ ನೀರು ಬಿಡುವುದಾ? ಅದೊಂದು ವಿದ್ಯೆ. ಸೌಟು ಹಿಡಿಯಲು ನನಗೆ ಕಲಿಸಿದ್ದು ನನ್ನ ಅಪ್ಪಯ್ಯ. ಇಂಥವರು ಬಂದರೆ ಸೌಟು ಕೈಗೆ ತಾಗುವಷ್ಟು ತಗ್ಗಿಸಬೇಕು. ಅಂಥವರು ಬಂದರೆ ಮಣಿಕಟ್ಟು ಎತ್ತಬೇಕು. ಎತ್ತಿ ಬಿಟ್ಟರೂ ಒಂದು ಹನಿ ಆಚೆ ಈಚೆ ಹೋಗದೆ ಅಂಗೈಯ ನಡುವಿಗೇ ಬೀಳಬೇಕು. ನನ್ನಷ್ಟು ಚೆಂದ ಈ ಸೀಮೆಯಲ್ಲಿ ಯಾರೂ ಬಿಡುವುದಿಲ್ಲ. ಕುಂಞನನ್ನೇ ಕೇಳಿ. ನನಗಿಂತ ದೊಡ್ಡವ ಅವನು, ನಾನು ಜನಿವಾರ ಹಾಕಿದಂದಿನಿಂದ ಕೈ ಒಡ್ಡುತ್ತಿದ್ದಾನೆ, ಒಂದು ದಿನವೂ ನೆಲಕ್ಕೆ ಚೆಲ್ಲಿದ್ದುಂಟಾ? ಯಾವ ಯಂತ್ರಕ್ಕೆ ಸಾಧ್ಯ ಇದು?

ಯಾಕೆ, ಎಲ್ಲರೂ ಕುಂಞನ ಕಡೆ ತಿರುಗಿದಿರಿ? ಚಪ್ಪಾಳೆ ಬೀಳುವ ಜಾಗ ಅದು.

ಸರಿ. ಆಮೇಲೆ ಸಮಿತಿಯವರು ಉಪಾಯ ಹೇಳಿದರು, ಸೆನ್ಸರಿನ ದೂರ ಹೆಚ್ಚು ಮಾಡು ಎಂದು. ಎಷ್ಟು ಬುದ್ಧಿವಂತರು! "ಮಾಡಬಹುದು, ಒಂದು ಅಂಕೆ ಬದಲಿಸಿದರೆ ಆಯಿತು. ಆದರೆ ಯಾರಿಗೆ ಎಷ್ಟು ದೂರ ಅಂತ ನೀವೇ ಹೇಳಿ ಅಜ್ಜ, ನಾನು ಬರೆಯುತ್ತೇನೆ" ಎಂದಳು. ಕಂಪ್ಯೂಟರ್ ತೆರೆದು ಬೆರಳು ಇಟ್ಟು ಕುಳಿತಳು. ನಾನು ವೇದ ಓದಿದವ. ಸಭೆಯಲ್ಲಿ ವಾದಕ್ಕೆ ಸೋತವನಲ್ಲ. ಬಾಯಿ ತೆರೆದೆ. ಸ್ನಾನಕ್ಕೆ ಹೊತ್ತಾಯಿತು ಎಂದು ಎದ್ದು ಹೋದೆ.

ಅಂದಿನಿಂದ ಅವಳಿಗೆ ನನ್ನ ಹತ್ತಿರ ಮಾತಿಲ್ಲ. ಅವಳಿಲ್ಲದೆ ಮನೆಯಲ್ಲಿ ನನಗೆ ಬೇರೆ ಯಾರುಂಟು ಮಾತಾಡಲು? ಪಕ್ಕದ ಕೋಣೆಯಲ್ಲಿ ಅವಳ ಬೊಬ್ಬೆ ಕೇಳದೆ ಜಪವೂ ಸಾಗುವುದಿಲ್ಲ ಎಂದರೆ ನಂಬುತ್ತೀರಾ?

ಈಗ ಕುಂಞ ಅಲ್ಲೇ ಬಾಗಿಲ ಹೊರಗೆ ನಿಂತಿದ್ದಾನೆ. ಸಭೆ ಶುರುವಾಗುವ ಮೊದಲು ಹುಡುಗಿ ಕರೆದಳು, ಅಧ್ಯಕ್ಷರೂ ವಾಚು ನೋಡುತ್ತಾ ಕರೆದರು. "ಎಂಕ್ ಮುಲ್ಪನೇ ಯಾವು" ಎಂದು ನಕ್ಕ. ಅವನಿಗೆ ಅಲ್ಲೇ ಸಾಕಂತೆ. ಸಾಕು ಎಂದು ಅವನಿಗೆ ಕಲಿಸಿದವರು ಕರೆಯಬೇಕಲ್ಲ, ಅಧ್ಯಕ್ಷರು ಕರೆದರೆ ಎಂತ ಪ್ರಯೋಜನ?

ಕುಂಞ, ಇಲ್ಲಿ ಕೇಳು. ಒಳಗೆ ಬಾ. ಹಿಂದೆ ನೋಡಬೇಡ, ನಿನ್ನನ್ನೇ. ಯಂತ್ರದ ಹತ್ತಿರ. ಇನ್ನೂ ಹತ್ತಿರ. ಅಯ್ಯೋ, ಕೈ ಹಿಂದೆ ಎಳೆಯಬೇಡಿ ಕುಂಞಣ್ಣ. ನಾನೇ ಹೇಳುತ್ತಿದ್ದೇನೆ, ನಾಲ್ಕು ಬೆರಳು, ಹಾಂ, ಅಷ್ಟೇ ಹತ್ತಿರ.

ಹಸಿರು ದೀಪ ಹತ್ತಿತು. ಮೆಷಿನ್ ಹಾಳಾಗಿರಲಿಲ್ಲ ಅಧ್ಯಕ್ಷರೇ, ಬರೆದುಕೊಳ್ಳಿ.

ರಮ್ಯಾ, ಆಯಿತಲ್ಲ? ಇನ್ನು ಮೇಲೆ ಬಾ ಮಗಳೇ, ಶಾಲು ಕಾಯುತ್ತಾ ಉಂಟು. ಎಂತ? ಯಾಕೆ ತಲೆ ಆಡಿಸುವುದು? ಓ, ನನ್ನ ತೀರ್ಥದ ಸೌಟು ಎತ್ತಿ ತೋರಿಸುತ್ತಿದ್ದಾಳೆ. ಅದನ್ನೂ ತಂದಿದ್ದಾಳೆ ನೋಡಿ, ಕಳ್ಳಿ! ಯಂತ್ರ ಕೊಟ್ಟದ್ದು ಸಾಲದಂತೆ.

ಈಶ್ವರಪ್ರಸಾದರೇ, ಈ ಮೈಕ್ ಸ್ವಲ್ಪ ಹಿಡಿಯಿರಿ. ಮೆಟ್ಟಿಲು ಎತ್ತರ ಉಂಟು, ಇಳಿಯಲು ನನಗೆ ಹೊತ್ತು ಬೇಕು. ಕುಂಞಣ್ಣ, ಕೈ ಹಾಗೇ ಇರಲಿ, ನಾನೇ ಬಂದೆ. ಊಟ ತಡವಾದರೂ ಕುಳಿತು ಕೇಳಿದ ನಿಮಗೆಲ್ಲರಿಗೂ ಧನ್ಯವಾದ, ನಮಸ್ಕಾರ.