ಕೆರೆಯಂಗಳದ ಹೊಸ್ತಿಲು

ಸಿಂಗಟಗೆರೆಯಾಚೆಯ ಆ ಕೆರೆಯೂರಿನಲ್ಲಿ ಮಧ್ಯಾಹ್ನದಿಂದಲೇ ಮಳೆ ಹಿಡಿದಿತ್ತು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ತಳದಲ್ಲಿ ಹಳೆಯ ಊರೊಂದರ ಪಾಯಗಳೂ ವೀರಗಲ್ಲುಗಳೂ ಕಂಡಿದ್ದವು. ಅಲ್ಲಿಂದ ಹೊಸ ಮನೆಗೊಂದು ಚಪ್ಪಡಿ ತಂದಿದ್ದರೆ ಚೆನ್ನಾಗಿತ್ತು ಎಂದು ಷಡಕ್ಷರಿ ಅಂದದ್ದೇ ತಡ, ಅವನ ಅಜ್ಜಿ ತೀರ್ಥಮ್ಮ ಎಲೆಅಡಿಕೆ ಕುಟ್ಟುವುದನ್ನು ನಿಲ್ಲಿಸಿದಳು. ಪಡಸಾಲೆಯಲ್ಲಿದ್ದವರೆಲ್ಲ ಹತ್ತಿರ ಸರಿದರು.

"ಕಲ್ಲು ಬೇಕೇನೋ? ಕೇಳು... ಈ ಕಡೆಗೆ ರೈಲು ಬರೋಕೂ ಮುಂಚಿನ ಮಾತು. ಆಗ್ಲೂ ಕೆರೆ ಹೀಗೇ ಬತ್ತಿತ್ತು. ಈರಭದ್ರಪ್ಪ ಅಂತ, ಮಹಾ ಹಟಮಾರಿ, ಅಲ್ಲಿಂದ ಒಂದು ಹೊಸ್ತಿಲುಗಲ್ಲು ಗಾಡೀಲಿ ಹೇರ್ಕೊಂಡು ಬಂದ. ಯಾರ ಮನೇದೋ, ಕೇಳಿ ತರ್ಬೇಕಿತ್ತು ಅಂದ್ಲು ಹೆಂಡ್ತಿ ಕೆಂಚಮ್ಮ. ಜನವೇ ಇಲ್ಲದ ಬೇಚಿರಾಕ್ ಊರಲ್ಲಿ ಯಾರನ್ನ ಕೇಳ್ಲಿ ಅಂತ ನಕ್ಕು, ಅವತ್ತೇ ಅದನ್ನ ತನ್ನ ಮನೆ ಬಾಗಿಲಿಗೆ ಕೂರಿಸ್ಬಿಟ್ಟ.

ಮಾರನೇ ಬೆಳಿಗ್ಗೆ ಕೆಂಚಮ್ಮ ರಂಗೋಲಿ ಬಟ್ಲು ಹಿಡ್ಕೊಂಡು ಬಾಗಿಲಿಗೆ ಬಂದ್ರೆ... ರಂಗೋಲಿ ಆಗ್ಲೇ ಬಿದ್ದಿತ್ತು. ಊರಲ್ಲಿ ಯಾರೂ ಕಂಡಿರದ ರಂಗೋಲಿ. ಆಮೇಲಾಮೇಲೆ ಇವಳು ಏಳೋ ಹೊತ್ತಿಗೆ ಒಲೆ ಉರೀತಿರೋದು, ಹಸು ಕರೆದಾಗಿರೋದು. ಉಣ್ಣೋಕೆ ಕರೆದ್ರೆ ಗಂಡ, ಈಗ ತಾನೇ ನೀನೇ ಬಡಿಸಿದ್ಯಲ್ಲೇ ಅನ್ನೋನು. ತನ್ನ ಮನೇಲಿ ತನಗೇ ಜಾಗ ಇಲ್ಲ ಅಂದ್ರೆ ಹೆಣ್ಣಿನ ಜೀವಕ್ಕೆ ಹೆಂಗಾಗ್ಬೇಡ, ಹೇಳಿ? ಹೆದರಿಕೆಗಿಂತ ಹೊಟ್ಟೆಕಿಚ್ಚೇ ಜಾಸ್ತಿ ಆಯ್ತು ಅವಳಿಗೆ.

ಗಂಡ ಸಂತೆಗೆ ಹೋದ ದಿನ ಆಳುಗಳ್ನ ಕರೆದು, ಹಾರೆ ಹಾಕಿಸಿ ಕಲ್ಲು ಎಬ್ಬಿಸಿದ್ಲು. ಮಗುಚಿದ್ರೆ... ಅಡೀಲಿ ಬಳೆ ತೊಟ್ಟ ಕೈ ಎತ್ತಿ ನಿಂತ ಹೆಂಗಸು. ಮಾಸ್ತಿಗಲ್ಲು ಕಣ್ರೋ, ಗಂಡನ ಚಿತೆ ಏರಿದವಳದು. ಮುಳುಗಿದ ಊರೋರೂ ತಮಗಿಂತ ಹಳಬರ ಕಲ್ಲು ಕಿತ್ತು ತಂದು ತುಳಿದಿದ್ರು. ಕೆಂಚಮ್ಮಂಗೆ ಅಯ್ಯೋ ಪಾಪ ಅನ್ನಿಸ್ತು. ಕುಂಕುಮ ಇಟ್ಟು, ಗಾಡಿ ಹಿಂದೇನೇ ನಡೆದು, ಕಲ್ಲನ್ನ ಕೆರೆಯಂಗಳದಲ್ಲಿ ನಿಲ್ಲಿಸಿ ಕೈ ಮುಗಿದ್ಲು. ಕಲ್ಲನ್ನೇನೋ ಕಳಿಸಿದ್ಲು... ಮನೆ ಒಳಗೆ ಸೇರ್ಕೊಂಡಿದ್ದೋಳನ್ನ ಹೊರಗೆ ಕರೀಲೇ ಇಲ್ವಲ್ಲ?

ಮಳೇಲಿ ನೆನ್ಕೊಂಡು ಬಂದು ಬಾಗ್ಲು ತಟ್ಟಿದ್ಲು. ತೆಗೆದವಳು ಇವಳ ಸೀರೆ ಉಟ್ಟಿದ್ಲು, ಇವಳ ಮುಖಾನೇ ಹೊತ್ತಿದ್ಲು. 'ಯಾರವ್ವಾ ನೀನು, ಯಾವೂರು?' ಅಂದ್ಲು. ಸಂತೆಯಿಂದ ಬಂದಿದ್ದ ಈರಭದ್ರಪ್ಪ ಹಿಂದಿನಿಂದ ಇಣುಕಿ, ಯಾರೋ ಭಿಕ್ಷೆಯವಳು, ಒಂದು ಹಿಡಿ ರಾಗಿ ಹಾಕಿ ಕಳ್ಸು ಅಂದ..."

ಇದೆಲ್ಲ ನಿನಗೆ ಹೇಗೆ ಗೊತ್ತು ಎಂದು ಷಡಕ್ಷರಿ ಮೆಲ್ಲಗೆ ಕೇಳಿದ.

"ಈರಭದ್ರಪ್ಪ ನನ್ನಪ್ಪ ಕಣೋ. ಬಾಗ್ಲು ತೆಗೆದೋಳ ಹೊಟ್ಟೇಲಿ ಹುಟ್ಟಿದೋಳು ನಾನು. ಒಬ್ಬಳೇ ಮಗಳು ಅಂತ ಅಳಿಯನ್ನೇ ಈ ಮನೆಗೆ ತಂದ್ರು. ದಿನಾ ಬಾಗಿಲಲ್ಲಿ ಇಡ್ತೀನಲ್ಲ ರಂಗೋಲಿ... ಬೇರೆ ಯಾರ ಮನೆ ಮುಂದಾದ್ರೂ ಅದನ್ನ ನೋಡಿದ್ದೀರಾ? ಮಳೇಲಿ ಯಾವಳಾದ್ರೂ ಬಂದು, ಇದು ನನ್ನ ಮನೆ ಅಂದ್ರೆ ಸುಳ್ಳು ಅನ್ಬೇಡಿ. ಒಂದು ಹಿಡಿ ರಾಗಿ ಹಾಕಿ. ನಮ್ಮವ್ವ ಹಂಗೇ ಮಾಡೋಳು... ಈಗ ನಾನೂ ಹಾಕ್ತಾ ಇದ್ದೀನಿ."